ಅರಮನೆಯಿಂದ ಗ್ರಾಮಸಭೆಯವರೆಗೆ: ಸಂಡೂರಿನ ಎಂ.ವೈ. ಘೋರ್ಪಡೆ

ಹೊಸಪೇಟೆಯ ಬಯಲನ್ನು ದಾಟಿ ದಕ್ಷಿಣದ ಬೆಟ್ಟಸಾಲನ್ನು ಹೊಕ್ಕರೆ ಸಂಡೂರಿನ ಕಣಿವೆ ಎದುರಾಗುತ್ತದೆ. ನಾರಿಹಳ್ಳವು ಬೆಟ್ಟವನ್ನು ಸೀಳಿ ಹರಿಯುವ ಭೀಮಗಂಡಿ, ಓಬಳಗಂಡಿಗಳೇ ಅದರ ಹೆಬ್ಬಾಗಿಲುಗಳು. ಹಸಿರು ಹೊದ್ದ ಆ ಬೆಟ್ಟಗಳ ಒಡಲಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು ತುಂಬಿದೆ. ಈ ಕಣಿವೆಯಲ್ಲಿ ರಾಜಕುಮಾರರಾಗಿ ಹುಟ್ಟಿ, ಪ್ರಜೆಗಳ ಮತ ಪಡೆದು ಮಂತ್ರಿಯಾದ ಮುರಾರಿರಾವ್ ಯಶವಂತರಾವ್ ಘೋರ್ಪಡೆಯವರ ಬದುಕನ್ನು ಈ ವಾರ ನಾವು ಸ್ಮರಿಸೋಣ.

ಅವರು ಜನಿಸಿದ್ದು 1931ರ ಡಿಸೆಂಬರ್ 7ರಂದು. ತಂದೆ ಯಶವಂತರಾವ್ ಘೋರ್ಪಡೆಯವರು ಸಂಡೂರು ಸಂಸ್ಥಾನದ ಕೊನೆಯ ಅರಸರು. 1932ರಲ್ಲಿ ಅವರು ತಮ್ಮ ಸಂಸ್ಥಾನದ ದೇವಾಲಯಗಳ ಬಾಗಿಲುಗಳನ್ನು ಹರಿಜನರಿಗೆ ತೆರೆದರು. 1934ರಲ್ಲಿ ಮಹಾತ್ಮ ಗಾಂಧಿಯವರು ಸಂಡೂರಿಗೆ ಬಂದಾಗ ರಾಜಕುಮಾರರಿನ್ನೂ ಎಳೆಯ ಮಗು. 1949ರ ಏಪ್ರಿಲ್ 1ರಂದು ಸಂಸ್ಥಾನವು ಮದ್ರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿ ವಿಲೀನವಾಯಿತು. ಹದಿನೇಳರ ಹರೆಯದ ಮುರಾರಿರಾಯರಿಗೆ ಏರಲು ಸಿಂಹಾಸನವಿರಲಿಲ್ಲ. ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರವನ್ನು ಓದಿ ಮರಳಿದ ಅವರು ಕಾಂಗ್ರೆಸ್ ಪಕ್ಷದ ಮೂಲಕ ಸಾರ್ವಜನಿಕ ಜೀವನಕ್ಕೆ ಕಾಲಿಟ್ಟರು. ಸಂಡೂರು ಕ್ಷೇತ್ರದಿಂದ ಹಲವು ಬಾರಿ ವಿಧಾನಸಭೆಗೆ ಆಯ್ಕೆಯಾದರು.

1972ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಗಳಾದಾಗ ಘೋರ್ಪಡೆಯವರು ಹಣಕಾಸು ಸಚಿವರಾದರು. 1977ರವರೆಗೆ ಆ ಹೊಣೆಯನ್ನು ಹೊತ್ತರು. ಅವರ ಜೀವನದ ಅತಿ ಕಠಿಣ ಪರೀಕ್ಷೆ ಬಂದದ್ದು ಇದೇ ಅವಧಿಯಲ್ಲಿ. ಉಳುವವನನ್ನೇ ಹೊಲದ ಒಡೆಯನನ್ನಾಗಿ ಮಾಡುವ ಕಾನೂನನ್ನು ಅವರ ಸರಕಾರ ರೂಪಿಸುತ್ತಿರುವಾಗಲೇ, 1973ರಲ್ಲಿ, ಸ್ವತಃ ಸಂಡೂರಿನಲ್ಲಿ ರೈತರು ಸಮಾಜವಾದಿ ಮುಖಂಡರೊಡಗೂಡಿ ಭೂಹೋರಾಟಕ್ಕಿಳಿದರು. ಪ್ರಶ್ನೆ ಮಂತ್ರಿಗಳ ಮನೆತನದ ಬಾಗಿಲಿಗೇ ಬಂದು ನಿಂತಿತು. ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆಯು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅವರ ಬದುಕನ್ನು ಸ್ಮರಿಸುವ ನಾವು ಈ ಹೋರಾಟವನ್ನು ಮರೆತರೆ ಸತ್ಯಕ್ಕೆ ಅಪಚಾರವೆಸಗಿದಂತೆ. ನ್ಯಾಯದ ಕಾನೂನನ್ನು ಪರರಿಗಾಗಿ ಬರೆಯುವುದು ಸುಲಭ. ಅದು ನಮ್ಮ ಹೊಲದ ಬದುವಿಗೆ ಬಂದಾಗಲೇ ಅದರ ಭಾರ ತಿಳಿಯುವುದು.

1990ರ ದಶಕದ ಆರಂಭದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಅವರ ಪಾಲಿಗೆ ಬಂತು. ಅಬ್ದುಲ್ ನಜೀರ್ ಸಾಬರು ಹಿಂದಿನ ದಶಕದಲ್ಲಿ ಹಾಕಿಕೊಟ್ಟ ದಾರಿ ಮುಂದಿತ್ತು. ಸಂವಿಧಾನದ 73ನೆಯ ತಿದ್ದುಪಡಿಯ ಬೆನ್ನಲ್ಲೇ, 1993ರ ಮೇ ತಿಂಗಳಲ್ಲಿ, ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯು ಜಾರಿಗೊಂಡಿತು. ಗ್ರಾಮ, ತಾಲ್ಲೂಕು, ಜಿಲ್ಲೆ ಎಂಬ ಮೂರು ಹಂತಗಳು. ಮಹಿಳೆಯರಿಗೆ ಮೂರನೆಯ ಒಂದು ಭಾಗ ಸ್ಥಾನಗಳು. ಹಳೆಯ ಕಾಯ್ದೆಗಿಂತ ಇದು ಅಧಿಕಾರಿಗಳ ಕೈಯನ್ನೇ ಬಲಪಡಿಸಿತೆಂಬ ಟೀಕೆಯೂ ಕೇಳಿಬಂತು. 1999ರಿಂದ 2004ರವರೆಗೆ ಎಸ್.ಎಂ. ಕೃಷ್ಣ ಅವರ ಸಂಪುಟದಲ್ಲಿ ಅದೇ ಇಲಾಖೆಗೆ ಮರಳಿದಾಗ, ಗ್ರಾಮಸಭೆಗೆ ಜೀವ ತುಂಬುವುದೂ ಪಂಚಾಯಿತಿಯ ಲೆಕ್ಕಪತ್ರವನ್ನು ಊರವರ ಮುಂದೆ ಬಿಚ್ಚಿಡುವ ಜಮಾಬಂದಿಯೂ ಅವರ ಮುಖ್ಯ ಚಿಂತನೆಗಳಾದವು.

ಇಲ್ಲಿ ನಮಗೊಂದು ಸಂಗತಿ ನೆನಪಾಗುತ್ತದೆ. ಘೋರ್ಪಡೆಯವರು ಹುಟ್ಟಿದ 1931ರಲ್ಲೇ ಜಗದ್ಗುರು ಹನ್ನೊಂದನೆಯ ಪಯಸ್ ಅವರು ಸಮಾಜ ವ್ಯವಸ್ಥೆಯನ್ನು ಕುರಿತ ತಮ್ಮ ವಿಶ್ವಪತ್ರವನ್ನು ಹೊರಡಿಸಿದ್ದರು. ಚಿಕ್ಕ ಸಮುದಾಯವು ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಅಧಿಕಾರವು ಕಿತ್ತುಕೊಳ್ಳುವುದು ಅನ್ಯಾಯ ಎಂಬುದು ಅದರ ಒಂದು ಪ್ರಮುಖ ಬೋಧನೆ. ರೋಮಿನ ತತ್ತ್ವಚಿಂತನೆಯೂ ಸಂಡೂರಿನ ಮಂತ್ರಿಯ ಅನುಭವವೂ ಬೇರೆ ಬೇರೆ ಹಾದಿಗಳಲ್ಲಿ ಬಂದು ಒಂದೇ ಊರಕಟ್ಟೆಯನ್ನು ತಲುಪಿದವು.

ಅಧಿಕಾರದಾಚೆಗೆ ಅವರದೊಂದು ಮೌನಲೋಕವಿತ್ತು. ಕ್ಯಾಮರಾ ಹಿಡಿದು ಕಾಡಿನಲ್ಲಿ ಗಂಟೆಗಟ್ಟಲೆ ಕಾದು ಅವರು ತೆಗೆದ ಕಪ್ಪುಬಿಳುಪಿನ ವನ್ಯಜೀವಿ ಚಿತ್ರಗಳು ಅಂತರರಾಷ್ಟ್ರೀಯ ಮನ್ನಣೆ ಪಡೆದವು. ‘ಸನ್‌ಲೈಟ್ ಅಂಡ್ ಶಾಡೋಸ್’ ಎಂಬ ಅವರ ಗ್ರಂಥ 1983ರಲ್ಲಿ ಪ್ರಕಟವಾಯಿತು. ಆದರೆ ಅವರ ಕುಟುಂಬದ ಉದ್ಯಮವೋ ಗಣಿಗಾರಿಕೆ. ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣ ಅದಿರು ಕಂಪನಿಯು 1954ರಲ್ಲಿಯೇ ಸ್ಥಾಪನೆಗೊಂಡಿತ್ತು. ಕಾಡಿನ ಮೇಲಿನ ಪ್ರೀತಿಯೂ ಬೆಟ್ಟ ಅಗೆಯುವ ಉದ್ಯಮವೂ ಒಂದೇ ಬದುಕಿನಲ್ಲಿ ಕೂಡಿ ಬಾಳಬೇಕಾಯಿತು. ಗಣಿಯೊಂದನ್ನೇ ನೆಚ್ಚದೆ ಜನ ಬದುಕಬೇಕೆಂಬ ಆಶಯಕ್ಕೆ 1984ರಲ್ಲಿ ಆರಂಭವಾದ ಸಂಡೂರು ಕುಶಲ ಕಲಾ ಕೇಂದ್ರವು ಸಾಕ್ಷಿ. ಅಲ್ಲಿನ ಲಂಬಾಣಿ ಸೋದರಿಯರ ಕಸೂತಿಯು 2023ರಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಭೆಯ ವೇಳೆ ಜಗತ್ತಿನ ಗಮನ ಸೆಳೆಯಿತು.

ಹೊಸ ಶತಮಾನದ ಮೊದಲ ದಶಕದಲ್ಲಿ ಅದಿರಿನ ಬೆಲೆ ಏರಿದಂತೆ ಈ ಸೀಮೆಯ ಶಾಂತಿ ಕದಡಿತು. ಸಂಡೂರಿನಿಂದ ಹೊಸಪೇಟೆಯವರೆಗೆ ಲಾರಿಗಳ ಸಾಲು, ಬೆಳೆಯ ಮೇಲೆ ಕೆಂಧೂಳು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರ್ ಅಂತ್ಯದಲ್ಲಿ, ಎಂಬತ್ತು ತುಂಬುವ ಮುನ್ನವೇ, ಘೋರ್ಪಡೆಯವರು ಇಹಲೋಕವನ್ನು ತ್ಯಜಿಸಿದರು.

ಪ್ರಿಯ ಓದುಗರೇ, ಇವರನ್ನು ದೋಷರಹಿತರೆಂದು ಚಿತ್ರಿಸುವುದು ನಮ್ಮ ಉದ್ದೇಶವಲ್ಲ. ಹುಟ್ಟಿನಿಂದ ಬಂದ ಹಿರಿಮೆಯನ್ನು ಕಾಲ ಕಸಿದುಕೊಂಡಾಗ ಕಹಿಯಾಗದೆ, ಜನರೆದುರು ಕೈಮುಗಿದು ನಿಂತು ಹೊಸ ಹೊಣೆಯನ್ನು ಗಳಿಸಿದ್ದು ಅವರ ಹಿರಿಮೆ. ಕಂಪ್ಲಿಯ ಗದ್ದೆಬಯಲಿನ ಹಳ್ಳಿಯಾಗಲಿ, ಹಂಪಿಯ ನೆರೆಯ ಊರಾಗಲಿ, ಗ್ರಾಮಸಭೆಯ ಡಂಗುರ ಕೇಳಿಸಿದಾಗ ನಮ್ಮ ಕುಟುಂಬಗಳಿಂದ ಎಷ್ಟು ಮಂದಿ ಹೋಗುತ್ತೇವೆ? ಜಮಾಬಂದಿಯ ದಿನ ಲೆಕ್ಕ ಕೇಳಲು ಬಾಯಿ ತೆರೆಯುವವರೆಷ್ಟು ಮಂದಿ? ಅರಸರ ಮಗನೊಬ್ಬ ಬೆಲೆಯುಳ್ಳದ್ದೆಂದು ಕಂಡುಕೊಂಡ ಆ ಚಾಪೆಯ ಮೇಲೆ ನಾವು ಕುಳಿತುಕೊಳ್ಳದಿದ್ದರೆ, ಖಾಲಿ ಉಳಿದ ಜಾಗಕ್ಕೆ ನಾವೇ ಉತ್ತರ ಹೇಳಬೇಕಾಗುತ್ತದೆ.