ತಂತಿಯಿಲ್ಲದೆ ಮಾತನ್ನು ಕಳುಹಿಸಿದ ರೆಜಿನಾಲ್ಡ್ ಫೆಸೆಂಡೆನರ ಜೀವಚರಿತ್ರೆ

ಹಗಲಲ್ಲಿ ಹತ್ತಿರದ ಒಂದೆರಡು ನಿಲಯಗಳನ್ನು ಮಾತ್ರ ಕೇಳಿಸುವ ರೇಡಿಯೋ ಪೆಟ್ಟಿಗೆಯು ರಾತ್ರಿಯಾದ ಮೇಲೆ ಮೀಡಿಯಂ ವೇವಿನಲ್ಲಿ ನೂರಾರು ಮೈಲಿಗಳ ಆಚೆಯ ಮಾತನ್ನೂ ಹಾಡನ್ನೂ ತಂದುಕೊಡುವದನ್ನು ನಮ್ಮಲ್ಲಿ ಹಿರಿಯರು ಬಲ್ಲರು. ಬೆಳಗಾಗುತ್ತಲೇ ಆ ದೂರದ ಧ್ವನಿಗಳು ಅಡಗಿಹೋಗುವವು. ಈ ವಿಧವಾಗಿ ಮನುಷ್ಯನ ಮಾತನ್ನು ತರಂಗಗಳ ಮೇಲೆ ಏರಿಸಿ ಕಳುಹಿಸುವ ಮಾರ್ಗವನ್ನು ಮೊದಲು ತೋರಿಸಿದ ರೆಜಿನಾಲ್ಡ್ ಫೆಸೆಂಡೆನರ ಚರಿತ್ರೆಯನ್ನು ಈ ತಿಂಗಳು ಸಂಕ್ಷೇಪವಾಗಿ ಹೇಳುವೆವು.

ಇವರು 1866ನೇ ಇಸವಿ ಅಕ್ಟೋಬರ್ 6ರಲ್ಲಿ ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಈಸ್ಟ್ ಬೋಲ್ಟನ್ ಎಂಬ ಊರಲ್ಲಿ ಹುಟ್ಟಿದರು. ತಂದೆಯು ಆಂಗ್ಲಿಕನ್ ಸಭೆಯ ಪಾದ್ರಿಯಾಗಿದ್ದನು. ಪಾದ್ರಿಯ ಮನೆಯಲ್ಲಿ ಹಣವು ಹೆಚ್ಚಾಗಿರಲಿಲ್ಲ. ಇವರು ಪದವಿಯನ್ನು ಮುಗಿಸದೆಯೇ ಬರ್ಮುಡಾ ದ್ವೀಪಕ್ಕೆ ಹೋಗಿ ಅಲ್ಲಿನ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾದರು. ತಮ್ಮ ಧರ್ಮಪತ್ನಿಯಾದ ಹೆಲೆನ್ ಎಂಬಾಕೆಯನ್ನು ಕಂಡದ್ದೂ ಅಲ್ಲಿಯೇ. ತರುವಾಯ 1886ರಲ್ಲಿ ಪ್ರಸಿದ್ಧರಾದ ಎಡಿಸನರ ಬಳಿ ಕೆಲಸಕ್ಕೆ ಸೇರಿ, ಅನೇಕ ವಿದ್ಯೆಗಳನ್ನು ಕೈಯಾರೆ ಮಾಡಿ ಕಲಿತರು. ಪದವಿಯಿಲ್ಲದ ಈ ಮನುಷ್ಯನು ಕೊನೆಗೆ ಕಾಲೇಜಿನ ಪ್ರೊಫೆಸರನಾದನು.

ಆ ಕಾಲದಲ್ಲಿ ನಿಸ್ತಂತು ವರ್ತಮಾನವನ್ನು ಕಿಡಿ ಹಾರಿಸುವ ಯಂತ್ರದಿಂದ ಕಳುಹಿಸುತ್ತಿದ್ದರು. ಅದರಿಂದ ಟಕಟಕ ಎಂಬ ಸಂಕೇತಗಳು ಹೋಗುತ್ತಿದ್ದವೇ ಹೊರತು ಸ್ಪಷ್ಟವಾದ ಮಾತು ಹೋಗುತ್ತಿರಲಿಲ್ಲ. ತರಂಗವು ತುಂಡುತುಂಡಾಗಿರದೆ ಕಾಲುವೆಯ ನೀರಿನಂತೆ ಎಡೆಬಿಡದೆ ಹರಿಯಬೇಕು, ಮಾತಿನ ಏರಿಳಿತಕ್ಕೆ ಸರಿಯಾಗಿ ಅದರ ಬಲವು ಹೆಚ್ಚುಕಡಿಮೆಯಾಗಬೇಕು ಎಂಬದು ಫೆಸೆಂಡೆನರ ವಿಚಾರವಾಗಿತ್ತು. 1900ನೇ ಇಸವಿ ದಶಂಬರ 23ರಲ್ಲಿ ಅಮೇರಿಕದ ಕಾಬ್ ದ್ವೀಪದಿಂದ ಅವರು ಸುಮಾರು ಒಂದು ಮೈಲಿ ದೂರದಲ್ಲಿದ್ದ ತಮ್ಮ ಸಹಾಯಕನಿಗೆ, ಅಲ್ಲಿ ಹಿಮ ಬೀಳುತ್ತಿದೆಯೋ ಎಂದು ಕೇಳಿದರು. ಗೊರಗೊರ ಸದ್ದಿನ ನಡುವೆಯೂ ಮಾತು ತಿಳಿಯಬಂತು.

ಆ ಮೇಲೆ ಅಮೇರಿಕದ ಬ್ರಾಂಟ್ ರಾಕ್‌ನಲ್ಲಿಯೂ ಸ್ಕಾಟ್ಲೆಂಡಿನ ಮಾಕ್ರಿಹಾನಿಶ್‌ನಲ್ಲಿಯೂ 420 ಅಡಿ ಎತ್ತರದ ಕಂಬಗಳನ್ನು ನಿಲ್ಲಿಸಿದರು. 1906ರ ಜನವರಿಯಲ್ಲಿ ಮಹಾಸಾಗರದ ಎರಡು ದಡಗಳಿಂದಲೂ ಸಂಕೇತಗಳು ಹೋಗಿ ಬಂದವು. ಆದರೆ ಒಂದು ರಾತ್ರಿ ಚೆನ್ನಾಗಿ ಕೇಳಿದ್ದು ಮರುರಾತ್ರಿ ಕೇಳದು. ಹಗಲಲ್ಲಿ ಏನೂ ಬಾರದು. ಬೇಸಿಗೆಯಲ್ಲಿ ಕೆಲಸವೇ ನಿಂತುಹೋಗುವದು. ಇದರ ಕಾರಣವು ಆಗ ಯಾರಿಗೂ ಪೂರ್ಣವಾಗಿ ತಿಳಿದಿರಲಿಲ್ಲ. ಆಕಾಶದ ಮೇಲ್ಭಾಗದಲ್ಲಿ ತರಂಗಗಳನ್ನು ಭೂಮಿಗೆ ಹಿಂದಿರುಗಿಸುವ ಪದರವುಂಟೆಂದು 1924ರಲ್ಲಿ ಆಪಲ್ಟನರು ಪರೀಕ್ಷೆಯಿಂದ ಸ್ಥಾಪಿಸಿದರು. ಹಗಲಲ್ಲಿ ಸೂರ್ಯನ ಕಿರಣಗಳು ಅದರ ಕೆಳಗೆ ಇನ್ನೊಂದು ಪದರವನ್ನು ಉಂಟುಮಾಡುವದರಿಂದ ತರಂಗಗಳು ಅಲ್ಲಿಯೇ ಬಲಗುಂದುವವು. ಸೂರ್ಯನು ಮುಳುಗಿದ ಮೇಲೆ ಈ ಕೆಳಪದರವು ಇಲ್ಲದಂತಾಗಿ ದಾರಿ ತೆರೆಯುವದು.

1906ರ ದಶಂಬರದ ಮೊದಲ ವಾರದಲ್ಲಿ ಬಿರುಗಾಳಿಯು ಸ್ಕಾಟ್ಲೆಂಡಿನ ಕಂಬವನ್ನು ಕೆಡವಿತು. ಅನೇಕ ವರುಷಗಳ ಪ್ರಯಾಸವು ಒಂದೇ ದಿನದಲ್ಲಿ ನೆಲಕ್ಕೆ ಬಿತ್ತು. ಆದರೂ ಫೆಸೆಂಡೆನರು ಕೈಬಿಡದೆ, ಅದೇ ತಿಂಗಳ 21ರಲ್ಲಿ ಬ್ರಾಂಟ್ ರಾಕ್‌ನಿಂದ 11 ಮೈಲಿ ದೂರದ ಪ್ಲಿಮತ್ತಿಗೆ ಮಾತನ್ನು ಕಳುಹಿಸಿ, ಬಂದಿದ್ದ ಸಾಕ್ಷಿಗಳಿಗೆ ತೋರಿಸಿದರು.

ಇಲ್ಲಿ ಒಂದು ಸಂಗತಿಯನ್ನು ಜಾಗ್ರತೆಯಿಂದ ಹೇಳಬೇಕಾಗಿದೆ. ಆ ವರುಷದ ಕ್ರಿಸ್ಮಸ್ ಹಬ್ಬದ ಹಿಂದಿನ ರಾತ್ರಿ ಫೆಸೆಂಡೆನರು ಸಮುದ್ರದ ಹಡಗುಗಳವರಿಗಾಗಿ ಪಿಟೀಲು ಬಾರಿಸಿ, ಹಾಡಿ, ಸತ್ಯವೇದದಿಂದ ದೇವದೂತರ ಸ್ತುತಿಯ ವಾಕ್ಯವನ್ನು ಕೇಳಿಸಿದರೆಂದು ಬಹು ಜನರು ಬರೆದಿದ್ದಾರೆ. ನಾವೂ ಒಂದು ಕ್ರಿಸ್ಮಸ್ ಆರಾಧನೆಯಲ್ಲಿ ಇದನ್ನು ನಿಶ್ಚಯವಾದದ್ದೆಂದು ಹೇಳಿ, ಸಭೆಯವರ ಹರ್ಷವನ್ನು ಕಂಡು ಸಂತೋಷಪಟ್ಟೆವು. ಆದರೆ ಇದಕ್ಕೆ ಆಧಾರವು 1932ರಲ್ಲಿ ಅವರೇ ಬರೆದ ಒಂದು ಪತ್ರವು. ಆ ರಾತ್ರಿ ಕೇಳಿದೆವೆಂದು ಯಾವ ಹಡಗಿನ ದಿನಚರಿಯಲ್ಲಿಯೂ ಬರೆದದ್ದು ಈ ವರೆಗೆ ಸಿಕ್ಕಿಲ್ಲ. ನಡೆದೇ ಇಲ್ಲವೆಂದು ನಾವು ಹೇಳಲಾರೆವು, ಸ್ಥಾಪಿತವಾಯಿತೆಂದೂ ಹೇಳಬಾರದು. ಇದನ್ನು ತಿಳಿದ ಮೇಲೆ ಅದೇ ಸಭೆಯ ಮುಂದೆ ನಿಂತು ನಮ್ಮ ಮಾತನ್ನು ತಿದ್ದಬೇಕಾಯಿತು. ನಾಚಿಕೆಯಾಯಿತು, ಆದರೂ ಮನಸ್ಸು ಹಗುರವಾಯಿತು.

ಫೆಸೆಂಡೆನರು ಬೇಗನೆ ಸಿಟ್ಟಾಗುವವರೆಂದೂ ಪರರೊಡನೆ ಹೊಂದಿಕೊಂಡು ನಡೆಯುವದು ಅವರಿಗೆ ಕಷ್ಟವಾಗಿತ್ತೆಂದೂ ಮರೆಮಾಡುವದಿಲ್ಲ. ಹಣ ಕೊಟ್ಟ ಪಾಲುಗಾರರೊಡನೆ ವಿರೋಧ ಹುಟ್ಟಿ, 1911ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ವ್ಯಾಜ್ಯವು 1928ರ ವರೆಗೆ ನಡೆದು ರಾಜಿಯಾಯಿತು. ಈ ಮಧ್ಯೆ ಅವರು ಸುಮ್ಮನಿರಲಿಲ್ಲ. 1912ರಲ್ಲಿ ಟೈಟಾನಿಕ್ ಹಡಗು ನೀರ್ಗಲ್ಲಿನ ಗುಡ್ಡಕ್ಕೆ ತಾಕಿ ಮುಳುಗಿದ ತರುವಾಯ, ನೀರೊಳಗೆ ಶಬ್ದವನ್ನು ಕಳುಹಿಸಿ ಅದರ ಪ್ರತಿಧ್ವನಿಯಿಂದ ಅಂಥ ಗುಡ್ಡವನ್ನು ತಿಳಿಯುವ ಸಾಧನವನ್ನು 1914ರಲ್ಲಿ ಪರೀಕ್ಷಿಸಿ ತೋರಿಸಿದರು. 1932ನೇ ಇಸವಿ ಜುಲೈ 22ರಲ್ಲಿ ಬರ್ಮುಡಾದಲ್ಲಿ ತೀರಿಹೋದರು.

ಈಗ ಜರ್ಮನಿ ಮೊದಲಾದ ಹಲವು ದೇಶಗಳಲ್ಲಿ ಮೀಡಿಯಂ ವೇವಿನ ದೊಡ್ಡ ನಿಲಯಗಳನ್ನು ಮುಚ್ಚಿದ್ದಾರೆ. ರಾತ್ರಿ ಕೇಳುತ್ತಿದ್ದ ಎಷ್ಟೋ ದೂರದ ಧ್ವನಿಗಳು ಇನ್ನು ಬಾರವು. ಆದರೆ ಕೇಳುವವನ ಕರ್ತವ್ಯವು ಬದಲಾಗಿಲ್ಲ. ಮಂದವಾಗಿ ಬಂದ ಮಾತನ್ನು ಬಂದಷ್ಟೇ ಬರೆದುಕೊಳ್ಳುವವನು ಒಳ್ಳೇ ಕೇಳುಗನು. ಕೇಳದ್ದನ್ನು ತಾನೇ ಸೇರಿಸಿ ಹೇಳುವವನು ಸುಳ್ಳುಸಾಕ್ಷಿಯು. ಸಹೋದರರೇ, ನೆರೆಯವರ ಸುದ್ದಿಯನ್ನು ಹೇಳುವಾಗಲೂ, ಸುವಾರ್ತೆಯನ್ನು ಸಾರುವಾಗಲೂ ಇದನ್ನು ಮರೆಯದಿರೋಣ. ನಮ್ಮ ಕರ್ತನ ಜನನವಾರ್ತೆಗೆ ನಾವು ಕಟ್ಟಿದ ಅಲಂಕಾರವು ಬೇಕಾಗಿಲ್ಲ.