ದ್ವೀಪಗಳ ಅತಿಥಿ ಮೇಬಲ್ ಬೆಂಟ್

ಭೂಗೋಳದ ಪಾಠಕ್ಕಾಗಿ ಗ್ರೀಸು ದೇಶದ ಭೂಪಟವನ್ನು ಗೋಡೆಗೆ ತೂಗುಹಾಕಿದಾಗ ನಮ್ಮ ವಿದ್ಯಾರ್ಥಿನಿಯರು ಅಥೆನ್ಸ್, ಸ್ಪಾರ್ಟಾ, ಕೊರಿಂಥ ಎಂಬ ಪಟ್ಟಣಗಳನ್ನು ತಡವಿಲ್ಲದೆ ತೋರಿಸುತ್ತಾರೆ. ಸಮುದ್ರದ ನೀಲಿಯಲ್ಲಿ ಸಾಸಿವೆಯ ಕಾಳುಗಳಂತೆ ಚೆಲ್ಲಿರುವ ದ್ವೀಪಗಳ ಮೇಲೆ ಮಾತ್ರ ಅವರ ಕೋಲು ನಿಲ್ಲುವುದಿಲ್ಲ. ಅಲ್ಲಿಯೂ ಮನೆಗಳಿವೆಯೇ, ಮಕ್ಕಳಿದ್ದಾರೆಯೇ ಎಂದು ಒಮ್ಮೆ ಒಬ್ಬ ಚಿಕ್ಕ ಬಾಲಕಿಯು ನನ್ನನ್ನು ಕೇಳಿದಳು. ಅದನ್ನೇ ಕಣ್ಣಾರೆ ನೋಡಿ ಬರೆದಿಟ್ಟ ಒಬ್ಬ ಸ್ತ್ರೀಯ ಚರಿತ್ರೆಯನ್ನು ಆ ಬಾಲಕಿಗಾಗಿ ಇಲ್ಲಿ ಹೇಳುತ್ತೇನೆ.

ಮೇಬಲ್ ಹಾಲ್-ಡೇರ್ ಎಂಬಾಕೆಯು 1847ನೆಯ ಇಸವಿ ಜನವರಿ ತಿಂಗಳಲ್ಲಿ ಐರ್ಲೆಂಡಿನ ಮೀತ್ ಪ್ರಾಂತದಲ್ಲಿ ಒಂದು ಜಮೀನುದಾರರ ಮನೆತನದಲ್ಲಿ ಹುಟ್ಟಿದಳು. 1877ರಲ್ಲಿ ಆಕೆಯು ಥಿಯೊಡೋರ್ ಬೆಂಟನನ್ನು ಮದುವೆಯಾದಳು. ಆತನು ಆಕ್ಸ್‌ಫರ್ಡಿನಲ್ಲಿ ಚರಿತ್ರೆಯನ್ನು ಓದಿದವನು. ವಯಸ್ಸಿನಲ್ಲಿ ಆಕೆಗಿಂತ ಐದು ವರ್ಷ ಚಿಕ್ಕವನು. ದಂಪತಿಗಳಿಗೆ ಸಂತಾನವಿರಲಿಲ್ಲ. ಸುಖವಾಗಿ ಮನೆಯಲ್ಲಿ ಕುಳಿತು ಕಾಲ ಕಳೆಯುವಷ್ಟು ಐಶ್ವರ್ಯವಿದ್ದರೂ ಅವರು ಅದನ್ನು ಪ್ರಯಾಣದ ಕಷ್ಟಗಳಿಗಾಗಿಯೇ ವೆಚ್ಚ ಮಾಡಿದರು.

1883–84ರ ಚಳಿಗಾಲದಲ್ಲಿ ಅವರಿಬ್ಬರೂ ಏಜಿಯನ್ ಸಮುದ್ರದ ಸಿಕ್ಲಡೀಸ್ ದ್ವೀಪಗಳಲ್ಲಿ ಸಂಚರಿಸಿದರು. ಸೀರೋಸ್ ದ್ವೀಪದ ಬಂದರಿನವರೆಗೆ ಹೊಗೆಹಡಗುಗಳು ಬರುತ್ತಿದ್ದವು. ಅಲ್ಲಿಂದ ಮುಂದಿನ ಬಡ ದ್ವೀಪಗಳಿಗೆ ಹಾಯಿದೋಣಿಯೇ ಗತಿ. ಗಾಳಿಯು ಪ್ರತಿಕೂಲವಾದರೆ ದಿನಗಟ್ಟಲೆ ದಡದಲ್ಲಿಯೇ ಕಾದಿರಬೇಕು. ಆ ದ್ವೀಪಗಳಲ್ಲಿ ತಂಗುದಾಣಗಳಿರಲಿಲ್ಲವಾದುದರಿಂದ ಊರ ಮುಖಂಡನ ಮನೆಯೋ ಪಾದ್ರಿಯ ಮನೆಯೋ ಮಠವೋ ಅವರಿಗೆ ಆಶ್ರಯವಾಗುತ್ತಿತ್ತು. ದಂಪತಿಗಳು ಗ್ರೀಕ್ ಮಾತನ್ನು ಕಲಿತಿದ್ದರು. ಆದುದರಿಂದ ಅವರು ನೋಡಿ ಹೋಗುವ ಪರದೇಶಿಗಳಾಗಿ ಉಳಿಯದೆ ಒಲೆಯ ಬಳಿ ಕುಳಿತು ಮಾತನಾಡುವ ಅತಿಥಿಗಳಾದರು.

ಅವರು ಕಂಡ ದ್ವೀಪಗಳಲ್ಲಿ ಅನಾಫಿ ಎಂಬುದು ಸಿಕ್ಲಡೀಸ್ ಗುಂಪಿನ ಪೂರ್ವದ ಅಂಚಿನಲ್ಲಿದೆ. ಅರ್ಗೊ ಹಡಗಿನ ವೀರರು ಕತ್ತಲೆಯಲ್ಲಿ ದಾರಿಗಾಣದೆ ತೊಳಲುತ್ತಿದ್ದಾಗ ಅಪೊಲೊ ದೇವತೆಯು ಬೆಳಕನ್ನು ತೋರಿಸಲು ಈ ದ್ವೀಪವು ಪ್ರತ್ಯಕ್ಷವಾಯಿತೆಂದು ಪುರಾತನ ಗ್ರೀಕರ ಕಥೆಯು ಹೇಳುತ್ತದೆ. ಆ ದೇವತೆಯ ಗುಡಿಯಿದ್ದ ನೆಲದಲ್ಲಿ ಇಂದು ಒಂದು ಕ್ರೈಸ್ತ ಮಠವು ನಿಂತಿದೆ. ಹಳೆಯ ಗುಡಿಯ ಕಲ್ಲುಗಳು ಅದರ ಗೋಡೆಗಳಲ್ಲಿವೆ. ಈಗಲೂ ಅಲ್ಲಿ ಸುಮಾರು ಮುನ್ನೂರು ಜನರು ಮಾತ್ರ ವಾಸಿಸುತ್ತಾರೆ. ಈ ಪುಟ್ಟ ಊರಿನ ಮಾಂಥಾಯೊಸ್ ಸಿಮೊಸ್ ಎಂಬಾತನು ಬೆಂಟ್ ದಂಪತಿಗಳ ನಂಬಿಕೆಯ ಸಹಾಯಕನಾಗಿ ಮುಂದೆ ಅರೇಬಿಯಾ ಆಫ್ರಿಕಗಳವರೆಗೂ ಅವರೊಂದಿಗೆ ನಡೆದನು. ಅವರ ಪ್ರವಾಸಗಳ ಯಶಸ್ಸಿನಲ್ಲಿ ಅವನ ಪಾಲು ಅಲ್ಪವಲ್ಲ.

ಮೇಬಲಳು ರಾತ್ರಿ ದೀಪದ ಬೆಳಕಿನಲ್ಲಿ ದಿನಚರಿಯನ್ನು ಬರೆಯುತ್ತಿದ್ದಳು. ತನ್ನ ಸೋದರಿಯರು ಮತ್ತು ಬಂಧುಗಳು ಓದಲೆಂದೇ ಆಕೆ ಅದನ್ನು ಆರಂಭಿಸಿದಳು. ಮುಂದಿನ ಪ್ರವಾಸಗಳಲ್ಲಿ ಛಾಯಾಚಿತ್ರ ತೆಗೆಯುವ ಹೊಣೆಯೂ ಆಕೆಯದಾಯಿತು. 1885ರಲ್ಲಿ ಥಿಯೊಡೋರನು ಸಿಕ್ಲಡೀಸ್ ದ್ವೀಪಗಳ ವಿಷಯವಾದ ಗ್ರಂಥವನ್ನು ಪ್ರಕಟಿಸಿ ಕೀರ್ತಿವಂತನಾದನು. ಹೊದಿಕೆಯ ಮೇಲೆ ಅಚ್ಚಾದುದು ಆತನೊಬ್ಬನ ಹೆಸರೇ.

ಆದರೆ ಚರಿತ್ರೆಯನ್ನು ಬರೆಯುವವರು ಗುಣವನ್ನು ಮಾತ್ರ ಎತ್ತಿ ಹೇಳಿದರೆ ಸಾಲದು. 1884ರಲ್ಲಿ ದಂಪತಿಗಳು ಅಂಟಿಪಾರೊಸ್ ದ್ವೀಪದಲ್ಲಿ ಅತಿ ಪ್ರಾಚೀನ ಸಮಾಧಿಗಳನ್ನು ಅಗೆಸಿ ಅಲ್ಲಿ ಸಿಕ್ಕಿದ ಮಡಕೆಗಳನ್ನೂ ಅಮೃತಶಿಲೆಯ ಬೊಂಬೆಗಳನ್ನೂ ತಂದರು. ಮರುವರ್ಷ, ಆಗ ತುರ್ಕರ ಆಳಿಕೆಯಲ್ಲಿದ್ದ ಕಾರ್ಪಾಥೊಸ್ ದ್ವೀಪದಿಂದ ಸುಣ್ಣಕಲ್ಲಿನ ಸ್ತ್ರೀವಿಗ್ರಹವೊಂದನ್ನು ತಂದರು. ಮೊಳಕ್ಕಿಂತ ಎತ್ತರವಾದ ಆ ವಿಗ್ರಹವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. 1887ರಲ್ಲಿ ಥಾಸೊಸ್ ದ್ವೀಪದಲ್ಲಿ ಅಗೆದಾಗ ಮಾತ್ರ ತುರ್ಕ ಸರಕಾರವು ತಡೆಯಿತು; ಅಲ್ಲಿ ದೊರೆತ ಸೊಗಸಾದ ಪ್ರತಿಮೆಯೊಂದು ಇಸ್ತಾಂಬುಲಿನ ವಸ್ತುಸಂಗ್ರಹಾಲಯವನ್ನು ಸೇರಿತು. ಅವರು ತಂದುದರಿಂದ ಲೋಕಕ್ಕೆ ಜ್ಞಾನವು ಲಭಿಸಿತೆಂಬುದು ದಿಟ. ಆದರೂ ಬಡವನ ಮನೆಯಲ್ಲಿ ರೊಟ್ಟಿಯನ್ನುಂಡ ಅತಿಥಿಯು ಆ ಊರಿನ ಪೂರ್ವಿಕರ ಸಮಾಧಿಯ ಸೊತ್ತನ್ನು ಹೊತ್ತುಕೊಂಡು ಹೋಗುವುದು ನ್ಯಾಯವೇ? ಆ ಕಾಲದಲ್ಲಿ ಅನೇಕರು ಹಾಗೆಯೇ ಮಾಡಿದರೆಂಬುದು ಕಾರಣವಾದೀತೇ ಹೊರತು ಸಮರ್ಥನೆಯಾಗದು.

ತರುವಾಯ ದಂಪತಿಗಳು ಬಹ್ರೇನ್, ಜಿಂಬಾಬ್ವೆ, ಅಬಿಸೀನಿಯ, ದಕ್ಷಿಣ ಅರೇಬಿಯ, ಸೊಕೊಟ್ರಾ ಎಂಬ ಸ್ಥಳಗಳನ್ನು ಸುತ್ತಿದರು. ಕಡೆಯ ಪ್ರವಾಸದಲ್ಲಿ ಇಬ್ಬರಿಗೂ ಮಲೇರಿಯಾ ಜ್ವರ ತಗುಲಿತು. ಲಂಡನ್ನಿಗೆ ಮರಳಿದ ಕೆಲವೇ ದಿನಗಳಲ್ಲಿ, 1897ನೆಯ ಮೇ 5ರಂದು, ಥಿಯೊಡೋರನು ತೀರಿಕೊಂಡನು. ಆಗ ಆತನಿಗೆ ನಾಲ್ವತ್ತೈದು ವರ್ಷ.

ಮೇಬಲಳು ಮರುವರ್ಷ ಒಬ್ಬಳೇ ಈಜಿಪ್ಟಿಗೆ ಹೋದಳು. ಜತೆಗಾರನಿಲ್ಲದ ಆ ಯಾತ್ರೆಯು ಆಕೆಗೆ ನಿರರ್ಥಕವೆಂದೇ ತೋರಿತು. ಆದರೆ ಆಕೆಯು ದುಃಖಕ್ಕೆ ತನ್ನನ್ನು ಪೂರ್ಣವಾಗಿ ಒಪ್ಪಿಸಿಕೊಡಲಿಲ್ಲ. ಗಂಡನ ಟಿಪ್ಪಣಿಗಳನ್ನೂ ತನ್ನ ದಿನಚರಿಗಳನ್ನೂ ಕೂಡಿಸಿ 1900ರಲ್ಲಿ ದಕ್ಷಿಣ ಅರೇಬಿಯದ ವಿಷಯವಾದ ಗ್ರಂಥವನ್ನು ಹೊರತಂದಳು. ಅದರ ಹೊದಿಕೆಯ ಮೇಲೆ ಇಬ್ಬರ ಹೆಸರೂ ಇತ್ತು. 1929ರ ಜುಲೈ ತಿಂಗಳಲ್ಲಿ ಆಕೆಯು ಲಂಡನ್ನಿನಲ್ಲಿ ಕಾಲವಾದಳು. ಬಂಧುಗಳಿಗಾಗಿ ಬರೆದ ಆ ದಿನಚರಿಗಳು ಲಂಡನ್ನಿನ ಒಂದು ಗ್ರೀಕ್ ವಿದ್ಯಾಸಂಘದಲ್ಲಿ ಬಹುಕಾಲ ಮೌನವಾಗಿದ್ದು ನಮ್ಮ ಕಾಲದಲ್ಲಿ ಅಚ್ಚಾಗಿವೆ. ಗಂಡನ ಗ್ರಂಥವನ್ನು ಓದಿದವರು ಈಗ ಆಕೆಯ ಮಾತಿಗೂ ಕಿವಿಗೊಡುತ್ತಿದ್ದಾರೆ.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ದೂರದ ಊರುಗಳಿಗೆ ಹೋಗುವಿರಿ, ಕೆಲವರು ಪಕ್ಕದ ಹಳ್ಳಿಗೆ ಮಾತ್ರ ಹೋಗುವಿರಿ. ಎಲ್ಲಿಗೆ ಹೋದರೂ ಮೊದಲು ಅಲ್ಲಿಯವರ ಮಾತನ್ನು ಕಲಿಯಿರಿ. ಅವರ ಒಲೆಯ ಬಳಿ ಕುಳಿತುಕೊಳ್ಳಿರಿ. ಕಂಡದ್ದನ್ನು ಅಂದೇ ಬರೆದಿಡಿರಿ. ಹೊರಡುವಾಗ ಕೈಯಲ್ಲಿ ಏನನ್ನು ಒಯ್ಯುತ್ತಿದ್ದೀರೆಂದು ಒಮ್ಮೆ ನೋಡಿಕೊಳ್ಳಿರಿ. ಮೇಬಲ್ ಬೆಂಟಳು ದ್ವೀಪಗಳಿಂದ ತಂದ ವಸ್ತುಗಳಲ್ಲಿ ಯಾರಿಗೂ ನಷ್ಟವನ್ನು ಮಾಡದೆ ಎಲ್ಲರಿಗೂ ಲಾಭವನ್ನು ಕೊಟ್ಟದ್ದು ಆ ದಿನಚರಿಯೇ.