ಬಂಗಾಳಿ ಪಾಠ

1946ರ ನವೆಂಬರಿನಲ್ಲಿ ಗಾಂಧೀಜಿಯವರು ಬಂಗಾಳದ ನವಖಾಲಿಗೆ ತೆರಳಿದರು. ಮತೀಯ ಗಲಭೆಯಿಂದ ಅಲ್ಲಿನ ಹಳ್ಳಿಗಳು ತತ್ತರಿಸಿದ್ದವು. ನೊಂದವರ ಅಳಲನ್ನು ದುಭಾಷಿಯ ಬಾಯಿಂದಲೇ ಕೇಳಬೇಕಾಗಿತ್ತು. 77 ವರ್ಷದ ಆ ವೃದ್ಧರು, ದುಭಾಷಿಯಾಗಿದ್ದ ನಿರ್ಮಲಕುಮಾರ ಬೋಸರಿಂದಲೇ ಬಂಗಾಳಿ ಪಾಠ ಹೇಳಿಸಿಕೊಳ್ಳತೊಡಗಿದರು. 1947ರ ಜನವರಿಯಲ್ಲಿ ಬರಿಗಾಲಿನ ಯಾತ್ರೆ ಆರಂಭವಾಯಿತು. ದಿನಕ್ಕೊಂದು ಹಳ್ಳಿ, ರಾಶಿ ಪತ್ರಗಳು, ಸಂಜೆಯ ಪ್ರಾರ್ಥನಾ ಸಭೆ. ಇವುಗಳ ನಡುವೆಯೂ ಪುಟ್ಟ ಬಾಲಕನಂತೆ ಅಕ್ಷರ ತಿದ್ದುತ್ತಿದ್ದರು. ಆ ವಯಸ್ಸಿನಲ್ಲಿ ಬಂಗಾಳಿಯಲ್ಲಿ ಪಂಡಿತರಾಗುವುದು ಆಗದ ಮಾತು. ಅವರಿಗೆ ಬೇಕಾದುದೂ ಅದಲ್ಲ. ನವಖಾಲಿಯನ್ನು ಬಿಟ್ಟ ಮೇಲೂ ಅಭ್ಯಾಸ ನಿಲ್ಲಲಿಲ್ಲ. 1948ರ ಜನವರಿ 30ರಂದು ದೆಹಲಿಯ ಬಿರ್ಲಾ ಭವನದಲ್ಲಿ ಅಂದಿನ ಬಂಗಾಳಿ ಪಾಠವನ್ನು ಬರೆದು ಮುಗಿಸಿದ್ದರು. ಆ ಸಂಜೆ ಪ್ರಾರ್ಥನೆಗೆ ನಡೆದು ಹೋಗುತ್ತಿರುವಾಗ ಗುಂಡೇಟಿಗೆ ಬಲಿಯಾದರು.